ಇದ್ದಿಲ ಮೇಲೆ ಕೂರಬೇಕಾದ ಡ್ರಮ್ಮು

ಆ ಗುರುವಾರ ಮಧ್ಯಾಹ್ನ ಸಲ್ಮಾಬಾದಿನ ನಮ್ಮ ವರ್ಕ್‌ಶಾಪಿನಲ್ಲಿ ನಾವು ನಾಲ್ಕು ಜನ ಇದ್ದೆವು. ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಯಜಮಾನರು. ಉಡುಪಿ ಕಡೆಯವರು, ಬಹರೈನಿನಲ್ಲೇ ಅರ್ಧ ಆಯುಷ್ಯ ಕಳೆದವರು. ಅವರ ಬದಿಯಲ್ಲಿ ಎಣ್ಣೆ ಬಟ್ಟೆಗೆ ಕೈ ಒರಸುತ್ತ ನಿಂತವರು ನಮ್ಮ ಹಿರಿಯ ಮೆಕ್ಯಾನಿಕ್. ಉಳ್ಳಾಲದ ಬ್ಯಾರಿ, ಇಡೀ ಗಲ್ಲಿಗೆ ಕಾಕ. ಮೂರನೆಯವನು ಸ್ಟೋರು ನೋಡಿಕೊಳ್ಳುವ ನಾನು. ನಾಲ್ಕನೆಯವಳು ವಾರಕ್ಕೆ ಮೂರು ದಿನ ಗುಡಿಸಿ ಒರಸಲಿಕ್ಕೆ ಬರುತ್ತಿದ್ದ ಉಗಾಂಡದ ಹೆಂಗಸು. ಕ್ಲೀನಿಂಗ್ ಕಂಪನಿಯ ನೀಲಿ ಅಂಗಿ ತೊಟ್ಟು, ರಬ್ಬರ್ ಗ್ಲೌಸು ತೆಗೆದು ಜೇಬಿಗೆ ತುರುಕಿ, ಬಾಗಿಲ ಹತ್ತಿರ ನಿಂತಿದ್ದಳು. ಕಾಂಟ್ರಾಕ್ಟು ಮುಗಿದಿತ್ತು. ಭಾನುವಾರ ಆಕೆ ಊರಿಗೆ ಹೊರಡುವವಳು.

ನಮ್ಮ ನಡುವೆ ಮೇಜಿನ ಮೇಲೆ ಹೂವಿನ ಬೆಡ್‌ಶೀಟು ಹೊದ್ದುಕೊಂಡು ಒಂದು ವಸ್ತು ಕೂತಿತ್ತು. ಬೆಡ್‌ಶೀಟು ನನ್ನ ಹೆಂಡತಿಯದು.

"ಮದುಮಗಳ ಹಾಗೆ ಕೂರಿಸಿದ್ದೀರಲ್ಲ ಮಾರಾಯ್ರೆ," ಎಂದು ಯಜಮಾನರು ನಕ್ಕರು. ಕಾಕ ಒಂದು ಮೂಲೆ ಹಿಡಿದು ಬೆಡ್‌ಶೀಟನ್ನು ಎಳೆದರು.

ಕೆಳಗಿದ್ದದ್ದು ದಪ್ಪ ಸ್ಟೀಲಿನ ಡ್ರಮ್ಮು. ಆಸ್ಪತ್ರೆಯಲ್ಲಿ ಕತ್ತರಿ, ಚಿಮಟ, ಬಟ್ಟೆಗಳನ್ನು ಒತ್ತಡದ ಹಬೆಯಲ್ಲಿ ಇಟ್ಟು ಶುದ್ಧ ಮಾಡುವ ಪಾತ್ರೆ. ನಮ್ಮ ಕುಕ್ಕರಿನ ದೊಡ್ಡಪ್ಪ ಎನ್ನಿ. ಮುಚ್ಚಳದ ಸುತ್ತ ಬಿಗಿಯಲಿಕ್ಕೆ ಆರು ನಟ್ಟು, ನೆತ್ತಿಯಲ್ಲಿ ಒತ್ತಡ ತೋರಿಸುವ ಮೀಟರು, ಪಕ್ಕದಲ್ಲಿ ಸೇಫ್ಟಿ ವಾಲ್ವು. ಅದನ್ನು ಕನ್ನಡಿಯ ಹಾಗೆ ಪಾಲಿಶ್ ಮಾಡಿದ್ದೆವು. ಬುಡದ ಹತ್ತಿರದಿಂದ ಒಂದು ಕಪ್ಪು ವಯರು ಹೊರಬಂದಿತ್ತು. ಅದರ ತುದಿಯಲ್ಲಿ ಹೊಸ ಪ್ಲಗ್ಗು.

ಆ ಡ್ರಮ್ಮನ್ನು ಕಂಡುಹಿಡಿದವಳು ಆಕೆಯೇ. ನಮ್ಮದು ಹೋಟೆಲಿನ ಅಡುಗೆಮನೆಯ ಸಾಮಾನುಗಳನ್ನು ರಿಪೇರಿ ಮಾಡುವ ಜಾಗ: ಹಬೆಯಲ್ಲಿ ಅನ್ನ ಮಾಡುವ ಪೆಟ್ಟಿಗೆಗಳು, ಬಾಯ್ಲರುಗಳು, ಒವನ್ನುಗಳು. ಯಾವತ್ತೋ ಬಾಗಿಲು ಹಾಕಿದ ಒಂದು ಖಾಸಗಿ ಕ್ಲಿನಿಕ್ಕಿನ ಹಳೆ ಸಾಮಾನು ಒಟ್ರಾಶಿ ಬಂದು ಹಿಂದಿನ ಶೆಡ್ಡಿನಲ್ಲಿ ಬಿದ್ದಿತ್ತು. ನಾವು ಯಾರೂ ಆ ಕಡೆ ತಿರುಗಿ ನೋಡಿದ್ದಿಲ್ಲ. ಆಕೆ ಗುಡಿಸುತ್ತ ಗುಡಿಸುತ್ತ ಅಲ್ಲಿಗೆ ತಲುಪಿ, ಧೂಳಿನಡಿ ಇದನ್ನು ನೋಡಿ, ಎರಡು ವಾರ ಯಾರಿಗೂ ಹೇಳದೆ ಊಟದ ಬಿಡುವಿನಲ್ಲಿ ಉಜ್ಜಿದ್ದಳು. ತುಕ್ಕಿಲ್ಲ, ತೂತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಯಜಮಾನರ ಮುಂದೆ ನಿಂತು ಕೇಳಿದಳು. ತನ್ನ ತಂಗಿ ಊರಿನ ಹೆಲ್ತ್ ಸೆಂಟರಿನಲ್ಲಿ ಹೆರಿಗೆ ಮಾಡಿಸುವ ನರ್ಸು. ಅಕ್ಕನಿಂದ ಅವಳು ಕೇಳಿದ್ದು ಇಂಥದೊಂದು ಪಾತ್ರೆ ಮಾತ್ರ. ಬೇರೆ ಸೀರೆ, ಸೋಪು, ಸೆಂಟು ಏನೂ ಬೇಡ ಅಂದಿದ್ದಾಳೆ. ಸೀರೆ ಎಂದದ್ದು ನಾನು. ಆಕೆ ಬಟ್ಟೆ ಎಂದಿರಬೇಕು. ಗಲ್ಫಿನಿಂದ ಊರಿಗೆ ಹೋಗುವವರ ಪೆಟ್ಟಿಗೆ ಎಂದರೆ ನನ್ನ ಕಣ್ಣಿಗೆ ಬರುವುದು ಇದೇ.

ಯಜಮಾನರು ತಕ್ಷಣ ಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಗೊಡದವನು ನಾನು.

"ಬರೀ ಪಾತ್ರೆ ಕೊಡುವುದೆಂಥ ಕಾಕ, ಕರೆಂಟಿನದ್ದೇ ಮಾಡಿ ಕೊಡುವ," ಎಂದೆ.

ಆ ಮಾತು ನನ್ನ ಬಾಯಿಗೆ ಯಾಕೆ ಬಂತು ಎಂದು ಈಗ ತಿಳಿಯುತ್ತದೆ. ನಮ್ಮ ಮನೆಗೆ ಕರೆಂಟು ಬಂದ ದಿನ ಅಜ್ಜಿ ಸ್ನಾನ ಮಾಡಿ ಬಂದು ಸ್ವಿಚ್ಚಿಗೆ ಕುಂಕುಮ ಇಟ್ಟಿದ್ದರು. ಬಲ್ಬು ಹತ್ತಿದಾಗ ಕೈ ಮುಗಿದಿದ್ದರು. ಹಬೆ, ಹೊಗೆ, ಬೂದಿ ಎಲ್ಲ ಹಿಂದಿನದು. ವಯರು, ಸ್ವಿಚ್ಚು ಮುಂದಿನದು. ಅಭಿವೃದ್ಧಿ ಎಂಬ ದೊಡ್ಡ ಶಬ್ದ ಕೇಳುವ ಮೊದಲೇ ಅದರ ಅರ್ಥ ಹೀಗೆಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಕಾಕನದೂ ಅದೇ ಕಥೆ. ಅವರು ಅತ್ಯುತ್ತಮ ಹೀಟರ್ ಕಾಯಿಲನ್ನು ಹುಡುಕಿ, ಡ್ರಮ್ಮಿನ ಬುಡದಲ್ಲಿ ತೂತು ಕೊರೆದು, ಒಂದು ತೊಟ್ಟು ಸೋರದ ಹಾಗೆ ಕೂರಿಸಿದ್ದರು. ಮೂರು ದಿನ ಅದರಲ್ಲೇ ಮುಳುಗಿದ್ದರು. ಆಕೆ ಶೆಡ್ಡಿಗೆ ಬಂದಾಗೆಲ್ಲ ಟರ್ಪಾಲು ಮುಚ್ಚಿ ಅಡ್ಡ ನಿಲ್ಲುತ್ತಿದ್ದರು.

ಹಾಗೆ ಬೆಡ್‌ಶೀಟು ಸರಿಯಿತು. ಆಕೆ ಹತ್ತಿರ ಬಂದಳು, ಮುಚ್ಚಳ ಮುಟ್ಟಿದಳು, ಮೀಟರಿನ ಗಾಜಿನ ಮೇಲೆ ಬೆರಳಾಡಿಸಿದಳು. ಆಮೇಲೆ ವಯರು ಹಿಡಿದು, ಅದು ಎಲ್ಲಿಂದ ಬರುತ್ತದೆಂದು ನೋಡುತ್ತ ಬುಡದವರೆಗೆ ಹೋದಳು. ನಾವು ಮೂವರೂ ಆಕೆಯ ಮುಖವನ್ನೇ ನೋಡುತ್ತಿದ್ದೆವು, ಮಕ್ಕಳ ಕೈಯಲ್ಲಿ ಉಡುಗೊರೆ ಕೊಟ್ಟವರ ಹಾಗೆ.

ನಮ್ಮ ಮಾತೆಲ್ಲ ಹಿಂದಿ, ಇಂಗ್ಲಿಷು ಕಲಸಿದ್ದು. ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಆಕೆ ಕಾಕನನ್ನು 'ಮ್ಜೇ' ಎನ್ನುತ್ತಿದ್ದಳು. ಅವರ ಕಡೆ ಹಿರಿಯರನ್ನು ಹಾಗೆ ಕರೆಯುತ್ತಾರಂತೆ.

"ಮ್ಜೇ, ತುಂಬ ಚಂದ ಮಾಡಿದ್ದೀರಿ," ಎಂದಳು. "ಇದನ್ನು ಇದ್ದಿಲ ಮೇಲೆ ಇಟ್ಟರೆ ಈ ವಯರು ಸುಡುವುದಿಲ್ಲವಾ?"

ಕಾಕ ನಕ್ಕರು. ಇನ್ನು ಇದ್ದಿಲು ಬೇಡ ಬೇಟಿ, ಪ್ಲಗ್ಗು ಹಾಕಿದರೆ ಆಯಿತು ಎಂದರು. ಆಕೆ ನಗಲಿಲ್ಲ.

"ನನಗೆ ಇದು ಬೆಂಕಿಯ ಮೇಲೆ ಕೂರುವ ಡ್ರಮ್ಮೇ ಆಗಬೇಕು," ಎಂದಳು. "ಹೀಗೆ ತಗೊಂಡು ಹೋದರೆ ಇದು ಆ ಕೋಣೆಗೆ ಹೋಗ್ತದೆ."

ಯಾವ ಕೋಣೆ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಯಜಮಾನರ ಮುಖ ಕೆಂಪಾಗಿತ್ತು. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಕೊಟ್ಟದ್ದನ್ನು ತಗೊಂಡು ಹೋಗ್ಲಿಕ್ಕೆ ಇವಳಿಗೆ ಎಂಥ ಕಷ್ಟ? ಮೂರು ದಿನ ಕೂತು ಮಾಡಿದ್ದಾರೆ ಕಾಕ," ಎಂದರು. ಭಾಷೆ ತಿಳಿಯದಿದ್ದರೂ ದನಿ ಯಾರಿಗಾದರೂ ತಿಳಿಯುತ್ತದೆ. ಗಲ್ಫಿನಲ್ಲಿ ಗುಡಿಸುವ ಕೆಲಸದವಳು ಯಜಮಾನರ ಎದುರು ನಿಂತು ಅವರ ಕೊಡುಗೆಯನ್ನು ಹೀಗೆ ಬೇಡ ಎನ್ನುವುದು ಸಣ್ಣ ಸಂಗತಿಯಲ್ಲ. ನಾನಾಗಿದ್ದರೆ ಥ್ಯಾಂಕ್ಸ್ ಹೇಳಿ ಪೆಟ್ಟಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಆಕೆ ಹೋಗಲಿಲ್ಲ. ಜೇಬಿನಿಂದ ಫೋನು ತೆಗೆದು, ತಂಗಿಗೆ ವಿಡಿಯೊ ಕಾಲ್ ಮಾಡಲಿಕ್ಕೆ ಅಪ್ಪಣೆ ಕೇಳಿದಳು.

ಅವರ ಗಡಿಯಾರವೂ ನಮ್ಮ ಗಡಿಯಾರವೂ ಒಂದೇ ಗಂಟೆ ತೋರಿಸುತ್ತವೆ. ಅದು ನನಗೆ ಆ ದಿನವೇ ಗೊತ್ತಾದದ್ದು. ತಂಗಿ ಊಟದ ತಟ್ಟೆ ಬದಿಗಿಟ್ಟು ಬಂದಳು. ಅಕ್ಕ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ತಂಗಿ ಫೋನು ಹಿಡಿದುಕೊಂಡು ನಡೆಯುತ್ತ ಹೋಗಿ ಒಂದು ಬಾಗಿಲು ತೆರೆದಳು.

ಅದೇ ಆ ಕೋಣೆ. ಎಳೆ ಮಕ್ಕಳನ್ನು ಬೆಚ್ಚಗಿಡುವ ಗಾಜಿನ ಪೆಟ್ಟಿಗೆ. ಅದರೊಳಗೆ ಹಳೆ ರಿಜಿಸ್ಟರುಗಳು. ಆಮ್ಲಜನಕದ ಯಂತ್ರ, ಅದರ ಮೇಲೆ ಮಡಚಿಟ್ಟ ಕಂಬಳಿ. ಗಂಟಲಿನ ಕಫ ಹೀರಿ ತೆಗೆಯುವ ಯಂತ್ರ. ಕರೆಂಟಿನ ಸ್ಟೆರಿಲೈಜರು, ಒಂದಲ್ಲ, ಎರಡು. ಕೆಲವಕ್ಕೆ ಬಂದಾಗಿನ ಪ್ಲಾಸ್ಟಿಕ್ಕು ಕೂಡ ಪೂರ್ತಿ ಬಿಚ್ಚಿರಲಿಲ್ಲ. ಎಲ್ಲವೂ ದೂರದ ದೇಶದ ಒಳ್ಳೆಯ ಮನಸ್ಸಿನವರು ಕಳಿಸಿದವು ಎಂದಳು ಆಕೆ. ಬಂದ ದಿನ ಮಾಲೆ, ಹಾಡು, ಫೋಟೋ. ಆಮೇಲೆ ಒಂದು ದಿನ ಕರೆಂಟು ಜೋರಾಗಿ ಬಂದು ಒಂದು ಸುಟ್ಟಿತು. ಇನ್ನೊಂದರ ಫಿಲ್ಟರು ಮುಗಿಯಿತು, ಅಂಥದು ಅಲ್ಲಿ ಸಿಗುವುದಿಲ್ಲ. ಮತ್ತೊಂದನ್ನು ಬಿಚ್ಚಿ ನೋಡುವ ಧೈರ್ಯ ಯಾರಿಗೂ ಇಲ್ಲ. ರಿಪೇರಿಗೆಂದು ಇರುವವನು ಒಬ್ಬ, ಜಿಲ್ಲೆಗೆಲ್ಲ ಒಬ್ಬ. ಬರುತ್ತೇನೆ ಎನ್ನುತ್ತಾನೆ, ಮಳೆಗಾಲದಲ್ಲಿ ರಸ್ತೆ ಅವನನ್ನು ಬಿಡುವುದಿಲ್ಲ.

ಯಜಮಾನರು ಕುರ್ಚಿಯಿಂದ ಎದ್ದು ಬಂದು ನನ್ನ ಭುಜದ ಮೇಲಿಂದ ನೋಡುತ್ತಿದ್ದರು. ಹಾಗಾದರೆ ಈಗ ತಂಗಿ ಕತ್ತರಿಯನ್ನು ಹೇಗೆ ಶುದ್ಧ ಮಾಡುತ್ತಾಳೆ ಎಂದು ಕೇಳಿದರು. ಕರೆಂಟಿದ್ದ ದಿನ ಪಕ್ಕದ ಪೇಟೆಯ ಆಸ್ಪತ್ರೆಗೆ ಕತ್ತರಿ ಚಿಮಟದ ಡಬ್ಬಿ ಕಳಿಸಿ ಮಾಡಿಸಿಕೊಳ್ಳುತ್ತಾಳೆ, ಇಲ್ಲದ ದಿನ ಅಡುಗೆಯ ತಪ್ಪಲೆಯಲ್ಲಿ ನೀರು ಕುದಿಸುತ್ತಾಳೆ ಎಂದಳು ಆಕೆ. ಬರೀ ಕುದಿಸಿದರೆ ಸಾಲದು ಎಂದು ತಂಗಿಗೆ ಗೊತ್ತು. ಹೆರಿಗೆಗೆ ಬಂದವಳಿಗೆ ಗೊತ್ತಿಲ್ಲ. ಹಾಗೆ ಕುದಿಸಿದ ರಾತ್ರಿಗಳಲ್ಲಿ ತಂಗಿ ನಿದ್ದೆ ಮಾಡುವುದಿಲ್ಲ.

ಅಮ್ಮ ನನ್ನನ್ನು ಹೆತ್ತಾಗಲೂ ಸೂಲಗಿತ್ತಿ ಕತ್ತರಿಯನ್ನು ಗಂಜಿಯ ಪಾತ್ರೆಯಲ್ಲಿ ಕುದಿಸಿದ್ದಳೆಂದು ಅಜ್ಜಿ ಹೇಳುತ್ತಿದ್ದರು. ಅದನ್ನು ನಾವು ನಗುತ್ತ ಕೇಳುತ್ತಿದ್ದ ಕಥೆ. ಬದುಕಿ ಉಳಿದವರಿಗೆ ಅದು ನಗುವ ಕಥೆ.

ಆಮೇಲೆ ಆಕೆ ಹೇಳಿದ್ದು ಆ ಹೆಲ್ತ್ ಸೆಂಟರಿನ ಕಥೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಹೊಸ ಬಾವುಟ ಏರಿದ ಕಾಲದಲ್ಲಿ ಅವಳ ಅಜ್ಜ ಮತ್ತು ಊರವರು ಕೆರೆಯ ಬದಿಯ ಮಣ್ಣು ತೆಗೆದು, ಇಟ್ಟಿಗೆ ಸುಟ್ಟು, ಸೈಕಲ್ಲಿನಲ್ಲಿ ಹೊತ್ತು ತಂದು ಗೋಡೆ ಎಬ್ಬಿಸಿದರು. ಸರ್ಕಾರ ತಗಡು ಹಾಕಿತು, ನರ್ಸನ್ನು ಕೊಟ್ಟಿತು. ನಾಲ್ಕು ಕಾಲ ಚೆನ್ನಾಗಿ ನಡೆಯಿತು. ಆಮೇಲೆ ಕೆಟ್ಟ ವರ್ಷಗಳು ಬಂದವು, ಬಂದೂಕು ಹಿಡಿದವರು ಬಂದರು, ಔಷಧಿಯ ಕಪಾಟು ಹೋಯಿತು, ತಗಡೂ ಹೋಯಿತು. ಗೋಡೆ ಉಳಿಯಿತು. ಅದೇ ಗೋಡೆಯ ಮೇಲೆ ಅವಳಪ್ಪನ ಕಾಲದವರು ಮತ್ತೆ ಮಾಡು ಹೊದೆಸಿದರು. ಈಗ ಕಂಬ ಬಂದಿದೆ, ವಯರು ಬಂದಿದೆ, ಕರೆಂಟು ಅದರ ಮನಸ್ಸಾದ ದಿನ ಬರುತ್ತದೆ. ಕಲಿತ ನರ್ಸುಗಳು ರಾಜಧಾನಿಗೋ ಹೊರದೇಶಕ್ಕೋ ಹೋಗುತ್ತಾರೆ. ತಂಗಿ ಹೋಗಿಲ್ಲ. ಅವಳು ಓದಲಿ ಎಂದೇ ಅಕ್ಕ ಶಾಲೆ ಬಿಟ್ಟವಳು, ಇಲ್ಲಿಗೆ ಬಂದವಳು.

ಇದನ್ನೆಲ್ಲ ಆಕೆ ಅಳುತ್ತ ಹೇಳಲಿಲ್ಲ. ನಾವು ನಮ್ಮ ಊರಿನ ಬಾವಿ ತೋಡಿದ ಕಥೆ ಹೇಳುವ ಹಾಗೆ, ಸ್ವಲ್ಪ ಜಂಬದಿಂದಲೇ ಹೇಳಿದಳು.

ಕಾಕನಿಗೆ ನೋವಾಗಿತ್ತು, ಅವರ ಕೆಲಸವನ್ನು ಬೇಡ ಎಂದವರು ಈವರೆಗೆ ಇರಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ಆ ಕೋಣೆಯ ಯಂತ್ರಗಳನ್ನು ಒಂದೊಂದಾಗಿ ನೋಡಿದರು. ಹೀರುವ ಯಂತ್ರದ ಹಿಂಬದಿ ತೋರಿಸಲು ತಂಗಿಗೆ ಹೇಳಿದರು.

"ಇದಕ್ಕೆ ಎಂಥದೂ ಆಗ್ಲಿಲ್ಲ ಮಾರಾಯಾ," ಎಂದು ನನಗೆ ಹೇಳಿದರು. "ಬಿಚ್ಚುವವ ಇಲ್ಲ, ಅಷ್ಟೇ." ಮತ್ತೆ ಯಜಮಾನರ ಕಡೆ ತಿರುಗಿದರು. "ನಾಳೆ ರಜೆ ಅಲ್ವಾ, ವರ್ಕ್‌ಶಾಪಿನ ಬೀಗದ ಕೈ ನನಗೆ ಕೊಡಿ. ಜುಮ್ಮಾ ನಮಾಜು ಮುಗಿಸಿ ಬರ್ತೇನೆ. ತೂತು ಮುಚ್ಚಬೇಕು."

ತೂತು ಮುಚ್ಚುವುದು ಕೊರೆದಷ್ಟು ಸುಲಭವಲ್ಲ. ಒಳಗೆ ಒತ್ತಡ ಕಟ್ಟುವ ಪಾತ್ರೆ. ಬೆಸುಗೆ ಬಿಟ್ಟುಕೊಟ್ಟರೆ ಎದುರು ನಿಂತವಳ ಮುಖಕ್ಕೆ ಹಬೆ ಹಾರುತ್ತದೆ, ಮತ್ತು ಎದುರು ನಿಲ್ಲುವವಳು ಆ ತಂಗಿ. ಸರಿಯಾಗದಿದ್ದರೆ ಡ್ರಮ್ಮು ಹೋಗುವ ಹಾಗಿಲ್ಲ ಎಂದು ಕಾಕ ಮೊದಲೇ ಹೇಳಿಬಿಟ್ಟರು. ಆಕೆ ತಲೆಯಾಡಿಸಿದಳು. ಒಂದು ಶರತ್ತು ಆಕೆಯೂ ಹಾಕಿದಳು: ಕೆಲಸ ತಾನು ನೋಡಬೇಕು, ಬಿಚ್ಚುವುದು ಕಟ್ಟುವುದು ತನ್ನ ಕೈಯಿಂದಲೇ ಆಗಬೇಕು.

ಕಾಕನ ಸ್ಪ್ಯಾನರನ್ನು ನಾನು ಕೂಡ ಮುಟ್ಟುವ ಹಾಗಿರಲಿಲ್ಲ. ಒಮ್ಮೆ ಮುಟ್ಟಿದ್ದಕ್ಕೆ ಒಂದು ವಾರ ನನ್ನೊಡನೆ ಚಹಾ ಕುಡಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ಬೀದಿಯೆಲ್ಲ ಶಟರು ಹಾಕಿ ಮಲಗಿದ್ದಾಗ ನಮ್ಮದೊಂದು ತೆರೆದಿತ್ತು. ಕಾಕ ಕಾಯಿಲು ಬಿಚ್ಚಿದರು, ಸ್ಟೀಲಿನ ಬಿಲ್ಲೆ ಕತ್ತರಿಸಿ ತೂತಿಗೆ ಕೂರಿಸಿ ಆರ್ಗಾನ್ ವೆಲ್ಡಿಂಗ್ ಮಾಡಿದರು. ಆಮೇಲೆ ಡ್ರಮ್ಮಿನ ತುಂಬ ನೀರು ಹಾಕಿ, ಕೈಪಂಪಿನಿಂದ ಒತ್ತಡ ಏರಿಸಿ, ಮೀಟರಿನ ಮುಳ್ಳು ನೋಡುತ್ತ ಕೂತೆವು. ಮುಳ್ಳು ಕೆಳಗಿಳಿಯದೆ ನಿಂತೇ ಇತ್ತು. ನಾನು ಭೇಷ್ ಎನ್ನುವಷ್ಟರಲ್ಲಿ ಆಕೆ ಬೆಸುಗೆಯ ಮೇಲೆ ಟಿಶ್ಯೂ ಪೇಪರು ಎಳೆದು ಕಾಕನ ಮುಂದೆ ಹಿಡಿದಳು. ಅದರಲ್ಲಿ ಸಾಸಿವೆಯಷ್ಟು ಒದ್ದೆ ಚುಕ್ಕೆ.

ಕಾಕ ಪೇಪರನ್ನು ನೋಡಿದರು, ಆಕೆಯನ್ನು ನೋಡಿದರು. "ಇವಳಿಗೆ ಕಣ್ಣುಂಟು," ಎಂದಷ್ಟೇ ಹೇಳಿದರು. ಬೆಸುಗೆಯನ್ನೆಲ್ಲ ಗ್ರೈಂಡರಿನಲ್ಲಿ ಉಜ್ಜಿ ತೆಗೆದು, ನಾಳೆ ಮತ್ತೆ ಎಂದರು.

ಶನಿವಾರ ಎರಡನೆಯ ಬೆಸುಗೆ ಹಾಕಿದರು. ಅದು ತಣಿಯುವವರೆಗೆ ಆಕೆಯ ಪಾಠ ನಡೆಯಿತು. ನಟ್ಟುಗಳನ್ನು ಸಾಲಾಗಿ ಬಿಗಿಯಬಾರದು, ಎದುರು ಬದುರಾಗಿ ಬಿಗಿಯಬೇಕು. ಸೇಫ್ಟಿ ವಾಲ್ವನ್ನು ಪ್ರತಿ ಸಲ ಬೆರಳಲ್ಲಿ ಎತ್ತಿ ನೋಡಬೇಕು. ಮುಚ್ಚಳದ ಕೆಳಗಿನ ರಬ್ಬರಿನ ಬಳೆ ಹೋದರೆ ಹೊಸದನ್ನು ಹೇಗೆ ಕತ್ತರಿಸುವುದು. ಕಾಕ ಬಿಸಿ ತಡೆಯುವ ರಬ್ಬರ್ ಶೀಟಿನ ದೊಡ್ಡ ಸುರುಳಿಯೊಂದನ್ನು ಸ್ಟೋರಿನಿಂದ ತರಿಸಿದರು. ಆಕೆ ಕತ್ತರಿಸಿದ ಮೊದಲ ಬಳೆ ಬೆಳ್ತಿಗೆ ಅಕ್ಕಿಯ ಒತ್ತು ರೊಟ್ಟಿಯ ಹಾಗೆ ಅಂಚು ಹರಿದಿತ್ತು. ನಾನು ಹಾಗೆ ಹೇಳಿದ್ದನ್ನು ಕಾಕ ಹಿಂದಿಗೆ ತಿರುಗಿಸಿದರು. ಆಕೆ ನಕ್ಕು, ನಿಮ್ಮದನ್ನು ತೋರಿಸಿ ಬ್ರದರ್ ಎಂದಳು. ನನ್ನದು ಅದಕ್ಕಿಂತ ಕಡೆಯಾಗಿತ್ತು. ಆಕೆಯ ಮೂರನೆಯದು ಸರಿಯಾಗಿ ಕೂತಿತು. ಡ್ರಮ್ಮನ್ನು ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಕೊನೆಗೆ ಕಣ್ಣು ಮುಚ್ಚಿಕೊಂಡು ಕಟ್ಟಿದಳು. ಯಾಕೆ ಹೀಗೆ ಎಂದರೆ, ಮಾತಿನಲ್ಲಿ ತಂಗಿಗೆ ಹೇಳಿಕೊಡಬೇಕಾದರೆ ಕೈಗೆ ಬಾಯಿಪಾಠ ಬರಬೇಕಲ್ಲ ಎಂದಳು.

ಮತ್ತೆ ನೀರು ತುಂಬಿ ಒತ್ತಡ ಏರಿಸಿದಾಗ ಎರಡನೆಯ ಬೆಸುಗೆಯ ಮೇಲೆ ಎಳೆದ ಟಿಶ್ಯೂ ಒಣಗಿಯೇ ಇತ್ತು. ಆಕೆ ನಾಲ್ಕು ಸಲ ಎಳೆದಳು.

ಆಗ ಯಜಮಾನರು ತಮ್ಮ ಕಾರಿನ ಡಿಕ್ಕಿಯಿಂದ ಮೀನು ಸುಡುವ ಒಲೆ ಮತ್ತು ಇದ್ದಿಲಿನ ಚೀಲ ಇಳಿಸಿದರು. ಅವರನ್ನು ಯಾರೂ ಕರೆದಿರಲಿಲ್ಲ. ಅಂಗಳದಲ್ಲಿ ಬೆಂಕಿ ಮಾಡಿ ಡ್ರಮ್ಮನ್ನು ಕೂರಿಸಿದೆವು. ಕನ್ನಡಿಯ ಹಾಗಿದ್ದ ನಮ್ಮ ಪಾಲಿಶು ಹತ್ತು ನಿಮಿಷದಲ್ಲಿ ಮಸಿ ಹಿಡಿಯಿತು. ಕಾಕ ಅದನ್ನು ನೋಡುತ್ತ ನಿಂತರು. ಮುಳ್ಳು ಮೇಲೇರಿ ಬೇಕಾದ ಜಾಗದಲ್ಲಿ ನಿಂತಿತು. ಯಜಮಾನರು ವಾಚು ಹಿಡಿದು ನಿಮಿಷ ಕೂಗಿದರು. ಆಕೆ ಬಗ್ಗಿ ಇದ್ದಿಲನ್ನು ಸ್ವಲ್ಪ ಹಿಂದೆ ಸರಿಸುವಳು, ಸ್ವಲ್ಪ ಮುಂದೆ ತಳ್ಳುವಳು, ಮುಳ್ಳು ಅಲ್ಲಾಡಲಿಲ್ಲ. ನಮ್ಮ ಅಜ್ಜಿಯಂದಿರು ಕಡುಬಿನ ಹಂಡೆಯ ಕೆಳಗೆ ಬೆಂಕಿ ನೋಡುತ್ತಿದ್ದದ್ದು ಹೀಗೆಯೇ. ನಾಲ್ಕು ಥರ್ಮೋಸ್ಟಾಟು ಸೇರಿದರೂ ಅಷ್ಟು ಹದ ಹಿಡಿಯಲಾರವು ಎಂದು ಕಾಕ ಹೇಳಿದರು. ಕಾಕನ ಬಾಯಿಂದ ಯಂತ್ರಕ್ಕಿಂತ ಕೈ ಮೇಲು ಎಂಬ ಮಾತು ನಾನು ಕೇಳಿದ್ದು ಅದೊಂದೇ ಸಲ.

ಸಂಜೆ ಪೆಟ್ಟಿಗೆ ಕಟ್ಟಿದೆವು. ಇದು ನಮ್ಮವರ ವಿದ್ಯೆ. ಕಾರ್ಟನ್ನಿಗೆ ಟೇಪು ಸುತ್ತುವುದು, ನೈಲಾನ್ ಹಗ್ಗ ಅಡ್ಡ ಉದ್ದ ಎಳೆದು ಮೂಲೆಗೆ ಗಂಟು ಹಾಕುವುದು, ಕಪ್ಪು ಮಾರ್ಕರಿನಲ್ಲಿ ನಾಲ್ಕು ಬದಿಗೂ ಹೆಸರು ಬರೆಯುವುದು. ಗಲ್ಫಿಗೆ ಬಂದ ಕರಾವಳಿಯವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಪಾತ್ರೆಯನ್ನು ಖಾಲಿ ಕಳಿಸುವ ಕ್ರಮವೂ ನಮ್ಮಲ್ಲಿಲ್ಲ. ನನ್ನ ಹೆಂಡತಿ ಎಳೆ ಮಕ್ಕಳನ್ನು ಸುತ್ತುವ ಮೆತ್ತನೆಯ ಬಟ್ಟೆಗಳನ್ನು ಕೊಟ್ಟು ಕಳಿಸಿದ್ದಳು. ಕೊಡುವ ಮೊದಲು, ಇದಾದರೂ ಅವರಿಗೆ ಬೇಕಾ ಕೇಳಿ ಎಂದಿದ್ದಳು. ಕೇಳಿದೆ. ಬೇಕು ಎಂದಳು ಆಕೆ. ಹೂವಿನ ಬೆಡ್‌ಶೀಟನ್ನೂ ಬೇಕು ಎಂದಳು. ಹೆರಿಗೆ ಕೋಣೆಯ ಕಿಟಕಿಗೆ ಪರದೆಯಿಲ್ಲವಂತೆ. ರಬ್ಬರಿನ ಸುರುಳಿಯ ನಡುವೆ ಕಾಕ ತಮ್ಮದೊಂದು ಸ್ಪ್ಯಾನರು ಇಟ್ಟರು. ಯಾರೂ ನೋಡಲಿಲ್ಲ ಎಂದುಕೊಂಡಿದ್ದರು.

ಭಾನುವಾರ ಯಜಮಾನರೇ ಆಕೆಯನ್ನು ಏರ್‌ಪೋರ್ಟಿಗೆ ಬಿಟ್ಟು ಬಂದರು. ಬಿಚ್ಚಿದ ಹೀಟರ್ ಕಾಯಿಲು ನಮ್ಮ ಚಹಾದ ಬಾಯ್ಲರಿಗೆ ಸೇರಿತು.

ಎಂಟು ತಿಂಗಳ ಮೇಲೆ ನನ್ನ ಫೋನಿಗೆ ಒಂದು ಫೋಟೋ ಬಂತು. ಇಟ್ಟಿಗೆ ಗೋಡೆಯ ಮುಂದೆ ಮೂರು ಕಲ್ಲಿನ ಒಲೆ, ಅದರ ಮೇಲೆ ಅರ್ಧದವರೆಗೆ ಕಪ್ಪಾದ ಡ್ರಮ್ಮು, ಪಕ್ಕದಲ್ಲಿ ತಂಗಿ. ಹಿಂದೆ ಕಿಟಕಿಯಲ್ಲಿ ನಮ್ಮ ಮನೆಯ ಹೂಗಳು. ವಾರಕ್ಕೆ ನಾಲ್ಕು ದಿನ ಒಲೆ ಹಚ್ಚುತ್ತೇವೆ, ಪಕ್ಕದ ಎರಡು ಸೆಂಟರಿನವರೂ ಡಬ್ಬಿ ತರುತ್ತಾರೆ, ಮೊದಲ ರಬ್ಬರಿನ ಬಳೆ ಹೋಯಿತು, ಹೊಸದನ್ನು ತಂಗಿ ಕತ್ತರಿಸಿದಳು ಎಂದು ಆಕೆ ಬರೆದಿದ್ದಳು. ಕಾಕ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ, ಬೆಸುಗೆಯ ಜಾಗ ನೋಡಿದರು, ನಟ್ಟು ಎಣಿಸಿದರು. ಆ ಹೀರುವ ಯಂತ್ರ ಇನ್ನೂ ಕೋಣೆಯಲ್ಲೇ ಉಂಟಾ ಕೇಳು ಎಂದರು.

ಉಂಟು ಎಂದು ಉತ್ತರ ಬಂತು.

ಮುಂದಿನ ಶುಕ್ರವಾರ ಜುಮ್ಮಾ ಮುಗಿಸಿ ಬಂದ ಕಾಕ ಫೋನನ್ನು ಸಾಮಾನು ಬಿಗಿದು ಹಿಡಿಯುವ ಮೇಜಿನ ವೈಸಿಗೆ ಆನಿಸಿ ನಿಲ್ಲಿಸಿಕೊಂಡು ಕೂತರು. ಆ ಕಡೆ ಆಕೆ ಆಮ್ಲಜನಕದ ಯಂತ್ರ ಮತ್ತು ಹೀರುವ ಯಂತ್ರ ಎರಡನ್ನೂ ಹೊರಗೆ ಎಳೆತಂದು, ಕಾಕನ ಸ್ಪ್ಯಾನರು ಮತ್ತು ಒಂದು ಸ್ಕ್ರೂ ಡ್ರೈವರು ಹಿಡಿದು ಕೂತಿದ್ದಳು. ಮೂರು ಶುಕ್ರವಾರ ಹೀಗೆ ನಡೆಯಿತು. ಆಮ್ಲಜನಕದ ಯಂತ್ರ ಓಡಲಿಲ್ಲ. ಹೀರುವ ಯಂತ್ರ ಓಡಿತು.